ಗಿರಣಿ ಊರಿನ ಕಾಲ್ಚೆಂಡು

ಆಟಗಾರನಿಗೆ ಸಂಬಳ ಕೊಡುವುದು ಇಂದು ಸಹಜವಾದ ಸಂಗತಿ. ಆದರೆ ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ 1885ರವರೆಗೆ ಅದಕ್ಕೆ ಮಾನ್ಯತೆ ಇರಲಿಲ್ಲ. ಈ ಕಟ್ಟಳೆಯಿಂದ ಯಾರಿಗೆ ಲಾಭ, ಯಾರಿಗೆ ನಷ್ಟ? ಲ್ಯಾಂಕಾಷೈರಿನ ಡಾರ್ವೆನ್ ಎಂಬ ಪುಟ್ಟ ಊರಿನ ಕ್ಲಬ್ಬಿನ ಇತಿಹಾಸ ಇದಕ್ಕೆ ಉತ್ತರ ಹೇಳುತ್ತದೆ.

ಡಾರ್ವೆನ್ ಹತ್ತಿ ಗಿರಣಿಗಳ ಊರು. 1850ರ ಕಾರ್ಖಾನೆ ಕಾಯಿದೆಯ ಪ್ರಕಾರ ಬಟ್ಟೆ ಗಿರಣಿಗಳಲ್ಲಿ ಹೆಂಗಸರು ಹಾಗೂ ಎಳೆಯರ ಕೆಲಸ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಮುಗಿಯಬೇಕಿತ್ತು. ಅವರಿಲ್ಲದೆ ಗಿರಣಿ ನಡೆಯದು. ಹೀಗಾಗಿ ಗಂಡಸರಿಗೂ ಬಿಡುವು ಸಿಕ್ಕಿತು. ಈ ಶನಿವಾರದ ಬಿಡುವೇ ಕಾರ್ಮಿಕರ ಕಾಲ್ಚೆಂಡಾಟಕ್ಕೆ ಬುನಾದಿ. ಡಾರ್ವೆನ್ ಕ್ಲಬ್ 1870ರಲ್ಲಿ ಹುಟ್ಟಿತು.

1879ರಲ್ಲಿ ಈ ತಂಡ ಎಫ್.ಎ. ಕಪ್ಪಿನ ಕ್ವಾರ್ಟರ್ ಫೈನಲ್ ತಲುಪಿತು. ಎದುರಾಳಿ ಓಲ್ಡ್ ಈಟೋನಿಯನ್ಸ್, ಅಂದರೆ ಸಿರಿವಂತರ ಮಕ್ಕಳು ಓದುವ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳು. ಪಂದ್ಯ ಲಂಡನ್ನಿನ ಓವಲ್ ಮೈದಾನದಲ್ಲಿ, ಫೆಬ್ರವರಿ 13ರ ಗುರುವಾರ. ಅಂದರೆ ದುಡಿಮೆಯ ದಿನ, ಮೇಲೆ 300 ಕಿಲೋಮೀಟರಿಗೂ ಮಿಕ್ಕ ಪ್ರಯಾಣ.

5–1ರಿಂದ ಹಿಂದಿದ್ದ ಡಾರ್ವೆನ್ ಕೊನೆಯ ಹಂತದಲ್ಲಿ ನಾಲ್ಕು ಗೋಲು ಹೊಡೆದು ಸಮ ಮಾಡಿಕೊಂಡಿತು. ಹೆಚ್ಚುವರಿ ಸಮಯ ಆಡಲು ಈಟೋನಿಯನ್ಸ್ ಒಪ್ಪಲಿಲ್ಲ. ಮರುಪಂದ್ಯವೂ ಲಂಡನ್ನಿನಲ್ಲೇ! ಖರ್ಚಿಗಾಗಿ ಊರಲ್ಲಿ ಚಂದಾ ಎತ್ತಬೇಕಾಯಿತು. ಮಾರ್ಚ್ 8ರ ಆಟ 2–2ರಲ್ಲಿ ನಿಂತಿತು. ಮಾರ್ಚ್ 15ರಂದು ಮೂರನೆಯ ಬಾರಿ ಲಂಡನ್ನಿಗೆ ಬಂದ ಡಾರ್ವೆನ್ 6–2ರಲ್ಲಿ ಸೋತಿತು. ಆ ವರ್ಷ ಕಪ್ಪು ಈಟೋನಿಯನ್ಸರ ಪಾಲಾಯಿತು.

ಡಾರ್ವೆನ್ ಪರ ಗ್ಲಾಸ್ಗೋ ಕಡೆಯಿಂದ ಬಂದ ಇಬ್ಬರು ಆಡಿದ್ದರು: ಜೇಮ್ಸ್ ಲವ್ ಮತ್ತು ಫರ್ಗಸ್ ಸೂಟರ್. ಸೂಟರ್ ಕಲ್ಲುಕುಟಿಗ. ಇಂಗ್ಲೆಂಡಿನ ಕಲ್ಲು ಬಲು ಗಟ್ಟಿಯೆಂದು ಹೇಳಿ ಅವರು ಕಸುಬು ಬಿಟ್ಟರು. ಹಾಗಾದರೆ ಹೊಟ್ಟೆಪಾಡು ಹೇಗೆ? ಕ್ಲಬ್ಬೇ ಗುಟ್ಟಾಗಿ ಹಣ ಕೊಡುತ್ತಿದೆಯೆಂಬ ಮಾತು ಹಬ್ಬಿತು.

ಇಲ್ಲಿ ಒಂದು ಅಂಶ ಗಮನಿಸಬೇಕು. ಹಣಕ್ಕಾಗಿ ಆಡಬಾರದೆಂಬ ನಿಯಮ ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ. ಆದರೆ ಸಿರಿವಂತನಿಗೆ ಆಟ ಬರೀ ವಿರಾಮ. ಗಿರಣಿ ಕಾರ್ಮಿಕನಿಗೆ ಒಂದು ದಿನದ ಆಟವೆಂದರೆ ಒಂದು ದಿನದ ಕೂಲಿ ಖೋತಾ. 1883ರಲ್ಲಿ ನೆರೆಯೂರಿನ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಇದೇ ಈಟೋನಿಯನ್ಸರನ್ನು ಫೈನಲ್‌ನಲ್ಲಿ ಮಣಿಸಿತು. 1885ರಲ್ಲಿ ವೃತ್ತಿಪರ ಆಟಕ್ಕೆ ಮಾನ್ಯತೆ ದೊರೆಯಿತು.

ವಿಪರ್ಯಾಸವೆಂದರೆ, ಹಣದ ಆಟ ಬಂದ ಮೇಲೆ ದೊಡ್ಡ ಪಟ್ಟಣಗಳದೇ ಮೇಲುಗೈಯಾಯಿತು. ಸೂಟರ್ 1880ರಲ್ಲೇ ಬ್ಲ್ಯಾಕ್‌ಬರ್ನ್ ರೋವರ್ಸ್ ಸೇರಿದ್ದರು. 1891ರಲ್ಲಿ ಫುಟ್‌ಬಾಲ್ ಲೀಗಿಗೆ ಬಂದ ಡಾರ್ವೆನ್, ಸತತ 18 ಸೋಲುಗಳನ್ನು ಕಂಡು 1899ರಲ್ಲಿ ಹೊರಬಿತ್ತು. ಮೂಲ ಕ್ಲಬ್ 2009ರಲ್ಲಿ ಮುಚ್ಚಿತು. ಆದರೂ ಕೂಲಿಯವನಿಗೂ ಆಡುವ ಹಕ್ಕುಂಟೆಂದು ತೋರಿಸಿಕೊಟ್ಟವರಲ್ಲಿ ಈ ಪುಟ್ಟ ಊರಿನವರು ಮೊದಲಿಗರು.