ವೈಫೈ ಫುಲ್ ಇದೆ ಸಾರ್, ನೆಟ್ ಇಲ್ಲ!

"ಸಾರ್, ವೈಫೈ ಫುಲ್ ಇದೆ. ನೆಟ್ ಮಾತ್ರ ಬರ್ತಿಲ್ಲ."

ನ್ಯಾಮತಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಫೋನಿನಲ್ಲಿ ಹೀಗಂದಾಗ ನನಗೆ ನಗು ಬಂದಿತ್ತು. ಪೂರ್ತಿ ಕಥೆ ಕೇಳಿದ ಮೇಲೆ ನಗು ನಿಂತುಹೋಯ್ತು. ಅವತ್ತು ಅವರ ಮಗಳಿಗೆ ಸಿಇಟಿ ಆಪ್ಷನ್ ಎಂಟ್ರಿಯ ಕೊನೇ ದಿನ. ಲ್ಯಾಪ್‌ಟಾಪಿನಲ್ಲಿ ಪರೀಕ್ಷಾ ಪ್ರಾಧಿಕಾರದ ಪುಟ ಸುತ್ತುತ್ತಾನೇ ಇದೆ, ತೆರೆಯೋದೇ ಇಲ್ಲ. ಪಕ್ಕದ ಮನೆ ಹುಡುಗ ಬಂದ. "ರೀಸೆಟ್ ಹೊಡೆದ್ರೆ ಸರಿಹೋಗುತ್ತೆ ಮಾಮ" ಅಂದ. ಡಬ್ಬಿಯ ಹಿಂದಿರೋ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹಿಡಿದೇಬಿಟ್ಟ. ಮೊದಲು ಒಂದು ತೊಂದರೆ ಇತ್ತು, ಈಗ ಎರಡಾಯ್ತು. ವೈಫೈ ಹೆಸರು ಹೋಯ್ತು, ಪಾಸ್‌ವರ್ಡ್ ಹೋಯ್ತು, ಕನೆಕ್ಷನ್ ಕೊಟ್ಟವರು ಒಳಗೆ ತುಂಬಿಸಿಟ್ಟಿದ್ದ ಯೂಸರ್‌ನೇಮೂ ಅಳಿಸಿಹೋಯ್ತು. ಅಪ್ಪ ಮಗಳು ಬೈಕ್ ಹತ್ತಿ ಪೇಟೆಯ ಸೈಬರ್ ಸೆಂಟರ್‌ಗೆ ಓಡಿ, ಗಡುವು ಮುಗಿಯೋಕೆ ಮುಂಚೆ ಕೆಲಸ ಮುಗಿಸಿದರು.

ಚನ್ನಗಿರಿಯಿಂದ, ಹೊನ್ನಾಳಿಯಿಂದ, ಜಗಳೂರಿನಿಂದ ಫೋನ್ ಮಾಡುವವರದ್ದೂ ಹೆಚ್ಚುಕಮ್ಮಿ ಇದೇ ಪ್ರಶ್ನೆ. ಗೆರೆ ಫುಲ್ ಇದ್ದರೂ ನೆಟ್ ಯಾಕಿಲ್ಲ? ಉತ್ತರ ಒಂದೇ ಸಾಲಿನದು. ವೈಫೈ ಬೇರೆ, ಇಂಟರ್ನೆಟ್ ಬೇರೆ.

ಸೂಳೆಕೆರೆ ಗೊತ್ತಲ್ವಾ, ಚನ್ನಗಿರಿ ತಾಲೂಕಿನ ಶಾಂತಿಸಾಗರ? ಅಲ್ಲಿಂದ ಪೈಪಿನಲ್ಲಿ ಚಿತ್ರದುರ್ಗಕ್ಕೆ ಕುಡಿಯೋ ನೀರು ಹೋಗುತ್ತೆ. ದುರ್ಗದ ಒಂದು ಮನೆಯ ನಲ್ಲಿ ತಿರುಗಿಸಿದಾಗ ನೀರು ಬರಲಿಲ್ಲ ಅಂತಿಟ್ಟುಕೊಳ್ಳಿ. ನಲ್ಲಿ ಕೆಟ್ಟಿರಬಹುದು, ದಾರಿಯಲ್ಲಿ ಪೈಪ್ ಒಡೆದಿರಬಹುದು, ಕೆರೆ ಹತ್ತಿರದ ಪಂಪ್ ನಿಂತಿರಬಹುದು. ನಲ್ಲಿ ಫಳಫಳ ಹೊಳೀತಿದೆ ಅಂದ ಮಾತ್ರಕ್ಕೆ ಪೈಪಿನಲ್ಲಿ ನೀರಿದೆ ಅಂತಲ್ಲ. ನಿಮ್ಮ ಫೋನಿನ ಮೇಲ್ಗಡೆ ಕಾಣುವ ವೈಫೈ ಗೆರೆ ಹೇಳೋದು ನಿಮ್ಮ ಫೋನಿಗೂ ನಿಮ್ಮ ಮನೆಯ ಡಬ್ಬಿಗೂ ನಡುವಿನ ಹತ್ತು ಹದಿನೈದು ಅಡಿಯ ಸಮಾಚಾರ ಮಾತ್ರ. ಡಬ್ಬಿಯಿಂದಾಚೆ ಏನಾಗಿದೆ ಅಂತ ಆ ಗೆರೆಗೆ ಗೊತ್ತಿಲ್ಲ.

ಆಚೆಯದ್ದನ್ನು ಹೇಳೋದು ಡಬ್ಬಿ ಮೇಲಿನ ದೀಪಗಳು. ನಾವು ಅದನ್ನೇ ನೋಡಲ್ಲ! ಟಿವಿ ಹಿಂದೆ ತುರುಕಿ, ಮೇಲೆ ಒಂದು ಕಸೂತಿ ಬಟ್ಟೆ ಹೊದಿಸಿ ಇಟ್ಟಿರ್ತೀವಿ. ಬಟ್ಟೆ ತೆಗೀರಿ. ಪವರ್ ದೀಪ ಹತ್ತಿದೆಯಾ? ಹತ್ತಿ ಹತ್ತಿ ಆರ್ತಿದ್ರೆ, ಡಬ್ಬಿ ಪದೇಪದೇ ತಾನೇ ಆಫ್ ಆಗಿ ಆನ್ ಆಗ್ತಿದ್ರೆ, ಮೊದಲ ಅನುಮಾನ ಅಡಾಪ್ಟರ್ ಮೇಲೆ. ವೋಲ್ಟೇಜ್ ಏರಿಳಿತದಲ್ಲಿ ಈ ಕಪ್ಪು ಅಡಾಪ್ಟರ್‌ಗಳು ನಿಧಾನಕ್ಕೆ ಸಾಯ್ತವೆ. ಹೊಸದು ತರುವಾಗ ಹಳೆಯದರ ಮೇಲೆ ಬರೆದಿರೋ ವೋಲ್ಟ್ ಎಷ್ಟು, ಸಾಮಾನ್ಯವಾಗಿ 12, ಅದನ್ನೇ ತನ್ನಿ. ಆಂಪಿಯರ್ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಮ್ಮಿ ಮಾತ್ರ ಬೇಡ. ಪಿನ್ನು ಹೊಂದುತ್ತೆ ಅಂತ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಚುಚ್ಚಬೇಡಿ ಸ್ವಾಮಿ.

ಫೈಬರ್ ಕನೆಕ್ಷನ್ ಆದ್ರೆ ಇನ್ನೆರಡು ದೀಪ ಮುಖ್ಯ. ಪಿಒಎನ್ ಅಂತ ಬರೆದಿರೋದು ಹಸಿರಾಗಿ ಅಲ್ಲಾಡದೆ ನಿಂತಿರಬೇಕು. ಎಲ್‌ಒಎಸ್ ಅಂತ ಬರೆದಿರೋದು ಹತ್ತಲೇಬಾರದು. ಅದು ಕೆಂಪಾಗಿ ಮಿನುಗ್ತಿದೆ ಅಂದ್ರೆ ಬೆಳಕು ಡಬ್ಬಿಗೆ ಬಂದು ಸೇರ್ತಿಲ್ಲ ಅಂತ ಅರ್ಥ. ಬೆಳಕು ಅಂದೆ, ನಿಜವಾಗ್ಲೂ ಬೆಳಕೇ. ಫೈಬರ್ ಒಳಗಿರೋದು ತಂತಿಯಲ್ಲ, ಗಾಜಿನ ಎಳೆ. ಕೂದಲಿನಷ್ಟು ದಪ್ಪ, 125 ಮೈಕ್ರಾನ್. ಅದರ ನಡುವೆ 9 ಮೈಕ್ರಾನ್ ಜಾಗದಲ್ಲಿ ಕಣ್ಣಿಗೆ ಕಾಣದ ಲೇಸರ್ ಬೆಳಕು ಓಡ್ತಿರುತ್ತೆ. ಆ ವೈರ್ ಬಿಚ್ಚಿ ತುದಿಯನ್ನ ಕಣ್ಣಿನ ಹತ್ತಿರ ಹಿಡಿದು ನೋಡೋ ಅಭ್ಯಾಸ ಕೆಲವರಿಗಿದೆ, ಖಂಡಿತಾ ಬೇಡ. ತುದಿಗೆ ಬೆರಳೂ ತಾಗಿಸಬೇಡಿ, ಬೆರಳಿನ ಜಿಡ್ಡೇ ಸಾಕು ಬೆಳಕು ಕುಗ್ಗೋಕೆ.

ಗಾಜಿನ ಎಳೆಯಾದ್ದರಿಂದ ಚೂಪಾಗಿ ಮಡಚಿದರೂ ಬೆಳಕು ಸೋರಿಹೋಗುತ್ತೆ. ಕಿಟಕಿ ಬಾಗಿಲಿಗೆ ಸಿಕ್ಕಿದೆಯಾ, ಮಂಚದ ಕಾಲಿನ ಕೆಳಗಿದೆಯಾ, ಮೊಳೆಗೆ ಬಿಗಿದು ಕಟ್ಟಿದ್ದಾರಾ ನೋಡಿ. ಹೊರಗಡೆಯಂತೂ ಕೇಳಲೇಬೇಡಿ. ಅಡಿಕೆ ತೋಟದ ನಡುವೆ ಕಂಬದಿಂದ ಕಂಬಕ್ಕೆ ಎಳೆದ ಕೇಬಲ್ ಮೇಲೆ ಸೋಗೆ ಬೀಳುತ್ತೆ, ಕೋತಿ ಜೋತಾಡುತ್ತೆ. ಊರಿನಲ್ಲಿ ನೀರಿನ ಪೈಪಿಗೆ ಜೆಸಿಬಿ ಬಂದರೆ ನೆಲದೊಳಗಿನ ಕೇಬಲ್ ಎದ್ದುಬರುತ್ತೆ. 2011ರಲ್ಲಿ ಕೇಂದ್ರ ಒಪ್ಪಿದ ಯೋಜನೆ, ಈಗ ಭಾರತ್‌ನೆಟ್ ಅಂತೀವಲ್ಲ, ಗ್ರಾಮ ಪಂಚಾಯಿತಿವರೆಗೆ ಫೈಬರ್ ತರೋದು ಅದರ ಉದ್ದೇಶ. ಪಂಚಾಯಿತಿಯಿಂದ ನಿಮ್ಮ ಮನೆವರೆಗಿನ ಆ ಕೊನೇ ಒಂದೆರಡು ಕಿಲೋಮೀಟರ್ ಇದೆಯಲ್ಲ, ಕಷ್ಟವೆಲ್ಲ ಅಲ್ಲೇ. ಕೆಂಪು ದೀಪ ಮಿನುಗ್ತಿದ್ರೆ, ಮನೆಯೊಳಗೆ ವೈರ್ ಎಲ್ಲೂ ಮಡಚಿಲ್ಲ ಅಂತಾದ್ರೆ, ನಿಮ್ಮ ಕೈಲಿ ಮಾಡೋದು ಏನೂ ಉಳಿದಿಲ್ಲ. ರೀಸೆಟ್ ಮಾಡಿದರೂ ಅಷ್ಟೇ, ತೆಂಗಿನಕಾಯಿ ಒಡೆದರೂ ಅಷ್ಟೇ. ಕಂಪ್ಲೇಂಟ್ ಕೊಡಿ.

ಎಲ್ಲಾ ದೀಪ ಸರಿಯಾಗಿವೆ, ಆದ್ರೂ ನೆಟ್ ಇಲ್ಲ ಅಂದ್ರೆ? ರೀಚಾರ್ಜ್ ಮುಗಿದಿದೆಯಾ ನೋಡಿ. ನಾಚಿಕೆ ಬೇಡ, ನಮ್ಮ ಮನೆಯಲ್ಲೇ ಎರಡು ಸಲ ಆಗಿದೆ. ಆಮೇಲೆ ಡಬ್ಬಿಯ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ, ಐದು ನಿಮಿಷ ಸುಮ್ಮನಿರಿ. ಆಫ್ ಮಾಡಿ ಆನ್ ಮಾಡೋದಕ್ಕೂ ಆ ತೂತಿಗೆ ಪಿನ್ನು ಚುಚ್ಚೋದಕ್ಕೂ ಅಜಗಜಾಂತರ. ಮೊದಲನೆಯದು ನಿದ್ದೆ ಮಾಡಿಸಿ ಎಬ್ಬಿಸಿದ ಹಾಗೆ, ಎರಡನೆಯದು ನೆನಪನ್ನೇ ಅಳಿಸಿದ ಹಾಗೆ.

ಒಂದೇ ಫೋನಿನಲ್ಲಿ ಬರ್ತಿಲ್ಲ, ಮನೆಯ ಉಳಿದವರಿಗೆಲ್ಲ ಬರ್ತಿದೆ ಅಂದ್ರೆ ತಪ್ಪು ಡಬ್ಬಿಯದಲ್ಲ. ಆ ಫೋನಿನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿ 'ಫರ್ಗೆಟ್' ಕೊಟ್ಟು, ಪಾಸ್‌ವರ್ಡ್ ಮತ್ತೆ ಹಾಕಿ. ಫೋನಿನ ದಿನಾಂಕ, ಸಮಯ ತಪ್ಪಾಗಿದ್ದರೂ ಬ್ಯಾಂಕಿನಂಥ ಪುಟಗಳು ತೆರೆಯಲ್ಲ.

ಇನ್ನು ಹೊನ್ನಾಳಿ ಕಡೆಯವರ ದೂರು. ಹಾಲ್‌ನಲ್ಲಿ ಬರುತ್ತೆ, ನಡುಮನೆ ದಾಟಿದ್ರೆ ಬರಲ್ಲ. ಹಳೇ ಮನೆ, ಒಂದೂವರೆ ಅಡಿ ಮಣ್ಣಿನ ಗೋಡೆ, ಮಧ್ಯೆ ಕಬ್ಬಿಣದ ಬೀರು, ಅದಕ್ಕೊಂದು ಆಳೆತ್ತರದ ಕನ್ನಡಿ! ವೈಫೈ ಅಂದ್ರೆ ರೇಡಿಯೋ ಅಲೆ. ಲೋಹ ಅದನ್ನ ತಡೆಯುತ್ತೆ, ನೀರು ಹೀರುತ್ತೆ, ಮಳೆಗಾಲದಲ್ಲಿ ತೇವ ಹಿಡಿದ ದಪ್ಪ ಗೋಡೆಯೂ ಹೀರುತ್ತೆ. ಡಬ್ಬಿಯನ್ನ ಮನೆಯ ಮಧ್ಯಕ್ಕೆ, ಎದೆಯೆತ್ತರಕ್ಕೆ ತಂದಿಡಿ. ಎರಡು ವೈಫೈ ಹೆಸರು ಕಾಣ್ತಿದ್ರೆ ದೂರದ ಕೋಣೆಗೆ 2.4 ಗಿಗಾಹರ್ಟ್ಸ್‌ನದು ಹಿಡೀರಿ. 5 ಗಿಗಾಹರ್ಟ್ಸ್‌ನದು ವೇಗ ಜಾಸ್ತಿ, ಆದ್ರೆ ಗೋಡೆ ದಾಟೋ ಶಕ್ತಿ ಕಮ್ಮಿ.

ಕಂಪ್ಲೇಂಟ್ ಕೊಡುವಾಗ ಒಂದು ಎಚ್ಚರಿಕೆ. ಕಸ್ಟಮರ್ ಕೇರ್ ನಂಬರನ್ನ ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ. ಬಿಲ್ಲಿನ ಮೇಲಿರೋ ನಂಬರಿಗೆ, ಕಂಪನಿಯ ಆ್ಯಪ್‌ನಲ್ಲಿರೋ ನಂಬರಿಗೆ ಮಾತ್ರ ಮಾಡಿ. ಆ ಕಡೆಯವನು ಯಾವುದೋ ಆ್ಯಪ್ ಹಾಕ್ಕೊಳ್ಳಿ, ಹತ್ತು ರೂಪಾಯಿ ಕಳಿಸಿ, ಒಟಿಪಿ ಹೇಳಿ ಅಂದರೆ ಫೋನ್ ಇಡಿ. ದುಡ್ಡು ಹೋಗಿದ್ರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಂಪ್ಲೇಂಟ್ ಕೊಟ್ಟ ಮೇಲೆ ಡಾಕೆಟ್ ನಂಬರ್ ಕೇಳಿ ಬರ್ಕೊಳ್ಳಿ. "ಹುಡುಗನಿಗೆ ಹೇಳಿದೀನಿ, ಬರ್ತಾನೆ" ಅನ್ನೋದು ಕಂಪ್ಲೇಂಟ್ ಅಲ್ಲ. 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಟ್ರಾಯ್ ನಿಯಮದಂತೆ, ಮನೆಯ ಲೈನು ಸರಿಮಾಡೋಕೆ 3 ದಿನ ಮೀರಿದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ಡಾಕೆಟ್ ನಂಬರೇ ಇಲ್ಲದಿದ್ದರೆ ಮೂರು ದಿನ ಯಾವತ್ತಿನಿಂದ ಲೆಕ್ಕ ಹಾಕೋದು ಹೇಳಿ? ಅಲ್ಲೂ ಕೆಲಸ ಆಗದಿದ್ರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಬರೀಬಹುದು, ಅದಕ್ಕೆ ಶುಲ್ಕ ಇಲ್ಲ.

ಅಂದಹಾಗೆ ಆ ನ್ಯಾಮತಿ ಯಜಮಾನರ ಮನೆಗೆ ನಾಲ್ಕನೇ ದಿನ ರಿಪೇರಿಯವರು ಬಂದರು. ವೈರು ಕಿಟಕಿ ಬಾಗಿಲಿಗೆ ಸಿಕ್ಕಿ ನಜ್ಜಾಗಿತ್ತಂತೆ. "ಕೆಂಪು ದೀಪ ಇತ್ತಾ?" ಅಂತ ಕೇಳಿದೆ. "ಇತ್ತು ಸಾರ್, ಬೆಳಗ್ಗೆಯಿಂದ ಮಿನುಗ್ತಿತ್ತು. ನೆಟ್ ಓಡ್ತಿದೆ ಅದಕ್ಕೇ ಮಿನುಗ್ತಿದೆ ಅಂದ್ಕೊಂಡ್ವಿ" ಅಂದರು. ಇನ್ನೊಂದು ಮಾತು ಕೇಳಿದೆ, "ನಿಮ್ಮ ಜೇಬಿನ ಮೊಬೈಲಲ್ಲಿ ಅವತ್ತು ಡೇಟಾ ಇತ್ತಾ?" ದಿನಕ್ಕೆ ಒಂದೂವರೆ ಜಿಬಿ ಇತ್ತಂತೆ. ಫೋನಿನ ವೈಫೈ ಆಫ್ ಮಾಡಿ, ಡೇಟಾ ಆನ್ ಮಾಡಿ, ಹಾಟ್‌ಸ್ಪಾಟ್ ಕೊಟ್ಟಿದ್ದರೆ ಲ್ಯಾಪ್‌ಟಾಪಿಗೆ ಅಷ್ಟೇ ಸಾಕಿತ್ತು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತಡೀರಿ ಸಾರ್, ಅದು ಎಲ್ಲಿ ಒತ್ತಬೇಕು ಅಂತ ಮಗಳಿಗೆ ಹೇಳಿ" ಅಂತ ಫೋನ್ ಅವಳ ಕೈಗೆ ಕೊಟ್ಟರು.