ಸಂಬಳದ ಲೆಕ್ಕ ಬರೆಯುವವರ ಸಂಬಳವಿಲ್ಲದ ಕೆಲಸ

ಪೀಣ್ಯದಲ್ಲೋ ಜಿಗಣಿಯಲ್ಲೋ ಇನ್ನೂರು ಮುನ್ನೂರು ಜನ ದುಡಿಯುವ ಮಧ್ಯಮ ಗಾತ್ರದ ಕಾರ್ಖಾನೆಯೊಂದನ್ನು ತೆಗೆದುಕೊಳ್ಳಿ. ಅಲ್ಲಿ ಯಂತ್ರ ಕೆಟ್ಟರೆ ನಾಲ್ಕು ಜನ ಇಂಜಿನಿಯರುಗಳು ಸೇರಿ ತಲೆ ಕೆಡಿಸಿಕೊಳ್ಳುತ್ತಾರೆ, ಲೆಕ್ಕ ತಪ್ಪಿದರೆ ಹೊರಗಿನ ಆಡಿಟರ್ ಇದ್ದಾರೆ. ಎಚ್‌ಆರ್ ಎಂಬ ಫಲಕದ ಹಿಂದೆ ಮಾತ್ರ ಸಾಮಾನ್ಯವಾಗಿ ಒಬ್ಬರೇ, ಹೆಚ್ಚೆಂದರೆ ಇಬ್ಬರು. ಹಾಜರಿ, ಪಿಎಫ್, ಇಎಸ್‌ಐ, ಗುತ್ತಿಗೆದಾರರ ಬಿಲ್ಲು, ಕ್ಯಾಂಟೀನಿನ ದೂರು, ಲೈಂಗಿಕ ಕಿರುಕುಳದ ಅರ್ಜಿ ಎಲ್ಲವೂ ಅದೇ ಮೇಜಿಗೆ ಬಂದು ಬೀಳುತ್ತವೆ. ಮಾಲೀಕರ ಕಣ್ಣಿಗೆ ಇವರು ಕಾರ್ಮಿಕರ ಪರ ವಕಾಲತ್ತು ವಹಿಸುವವರು, ಕಾರ್ಮಿಕರ ಕಣ್ಣಿಗೆ ಮಾಲೀಕರ ಕಡೆಯವರು. ಯಾರ ಸಂಬಳ ಎಷ್ಟು, ಯಾರ ಮೇಲೆ ದೂರು ಬಂದಿದೆ, ಮುಂದಿನ ತಿಂಗಳು ಯಾರ ಕೆಲಸ ಹೋಗಲಿದೆ ಎಂಬುದೆಲ್ಲ ಗೊತ್ತಿರುವುದರಿಂದಲೇ ಒಳಗೆ ಯಾರ ಹತ್ತಿರವೂ ಬಾಯಿ ಬಿಡುವಂತಿಲ್ಲ. ಊರೂರಲ್ಲಿ ಎಚ್‌ಆರ್ ನೌಕರರು ತಿಂಗಳಿಗೊಂದು ಸಂಜೆ ಕಂಪನಿಯ ಹಂಗಿಲ್ಲದೆ ಸೇರಿಕೊಳ್ಳುವ ಗುಂಪುಗಳು ಹುಟ್ಟುವುದಕ್ಕೆ ಈ ಒಂಟಿತನವೇ ಮೂಲ. ಇವನ್ನು ನಡೆಸುವವರಿಗೆ ಸಂಬಳವಿಲ್ಲ. ಇಂಥ ಗುಂಪು ವಿಸಿಟಿಂಗ್ ಕಾರ್ಡ್ ಹಂಚುವ ಕೂಟ, ಕೆಲಸ ಬದಲಿಸುವವರ ಮಂಡಿ ಎಂಬ ತಿಳಿವಳಿಕೆ ಸಾಮಾನ್ಯ. ಅದು ಅರ್ಧ ನಿಜ, ಆ ಅರ್ಧವೇ ಗುಂಪನ್ನು ಕೆಡಿಸುವುದೂ ಹೌದು. ಇಂಥ ಗುಂಪಿನ ನಿಜವಾದ ಬಂಡವಾಳ ನಂಬಿಕೆ. ಆದ್ದರಿಂದ ಅದನ್ನು ನಡೆಸುವವರ ಮುಖ್ಯ ಕೆಲಸ ಜನರನ್ನು ಸೇರಿಸುವುದಕ್ಕಿಂತ ಹೆಚ್ಚಾಗಿ ಯಾವುದನ್ನು ಒಳಗೆ ಬಿಡಬಾರದು ಎಂದು ತೀರ್ಮಾನಿಸುವುದು.

ಈ ಕಸುಬಿನ ದೊಡ್ಡ ಸಂಸ್ಥೆಗಳೂ ಹುಟ್ಟಿದ್ದು ಹೀಗೆ ನಾಲ್ಕು ಜನ ಸೇರಿಯೇ. ಇಂಗ್ಲೆಂಡಿನ ಯಾರ್ಕ್ ನಗರದ ರೌನ್‌ಟ್ರೀ ಚಾಕೊಲೇಟ್ ಕಾರ್ಖಾನೆಯಲ್ಲಿ 1913ರಲ್ಲಿ ಕೆಲವು ಕಾರ್ಮಿಕ ಕಲ್ಯಾಣಾಧಿಕಾರಿಗಳು, ಅವರಲ್ಲಿ ಬಹುಪಾಲು ಹೆಂಗಸರು, ಕೂಡಿ ಕಟ್ಟಿಕೊಂಡ ಸಂಘವೇ ಇಂದು ಬ್ರಿಟನ್ನಿನಲ್ಲಿ ರಾಜಸನ್ನದು ಪಡೆದ ಸಿಐಪಿಡಿ. ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಂ, ಐನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದಿತು. ಹೊಸ ಕಾರ್ಮಿಕ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿದೆ. ಕಲ್ಕತ್ತದ ಮತ್ತು ಮುಂಬಯಿಯ ಎರಡು ಹಳೆಯ ಸಂಸ್ಥೆಗಳು ಒಂದಾಗಿ 1980ರಲ್ಲಿ ಎನ್‌ಐಪಿಎಂ ಆದವು, 1985ರಲ್ಲಿ ನ್ಯಾಷನಲ್ ಎಚ್‌ಆರ್‌ಡಿ ನೆಟ್‌ವರ್ಕ್ ಬಂತು. ಎರಡಕ್ಕೂ ಬೆಂಗಳೂರಿನಲ್ಲಿ ಶಾಖೆಗಳಿವೆ. ಇವೆಲ್ಲ ಇರುವಾಗ ಹತ್ತಿಪ್ಪತ್ತು ಜನರ ಪುಟ್ಟ ಗುಂಪು ಯಾಕೆ ಬೇಕು?

ಕೋಲಾರ ಜಿಲ್ಲೆಯ ನರಸಾಪುರ ಈ ಪ್ರಶ್ನೆಗೆ ಒಂದು ಉತ್ತರ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಂಪನಿಯ ಘಟಕದಲ್ಲಿ 2020ರ ಡಿಸೆಂಬರ್ 12ರಂದು ಸಂಬಳ ಸರಿಯಾಗಿ ಬಂದಿಲ್ಲವೆಂದು ಕಾರ್ಮಿಕರು ರೊಚ್ಚಿಗೆದ್ದು ಗಾಜು, ಯಂತ್ರ, ವಾಹನಗಳನ್ನು ಪುಡಿಗಟ್ಟಿದರು. ಆಮೇಲೆ ಕಾರ್ಖಾನೆಗಳ ಇಲಾಖೆ ಕೊಟ್ಟ ಪ್ರಾಥಮಿಕ ವರದಿಯಲ್ಲಿ ಒಂದು ಮಾತು ಬಹಳ ಜನರ ಗಮನಕ್ಕೆ ಬರಲಿಲ್ಲ. ಕೆಲವೇ ತಿಂಗಳಲ್ಲಿ ಐದು ಸಾವಿರದಿಂದ ಹತ್ತೂವರೆ ಸಾವಿರ ಕಾರ್ಮಿಕರಿಗೆ ಬೆಳೆದ ಆ ಘಟಕದಲ್ಲಿ, ಕಾರ್ಮಿಕ ಕಾನೂನು ಚೆನ್ನಾಗಿ ಬಲ್ಲ ಎಚ್‌ಆರ್ ಸಿಬ್ಬಂದಿಯನ್ನು ಬೇಕಾದಷ್ಟು ಕಟ್ಟಿಕೊಂಡಿರಲಿಲ್ಲ ಎಂದು ಅದು ಹೇಳಿತು. ಪಾಳಿ ಎಂಟು ತಾಸಿನಿಂದ ಹನ್ನೆರಡು ತಾಸಿಗೆ ಬದಲಾಗಿತ್ತು, ಹಾಜರಿ ಲೆಕ್ಕ ಅದಕ್ಕೆ ಹೊಂದಿಕೊಂಡಿರಲಿಲ್ಲ. ಇದು ದೆಹಲಿಯ ಸಮ್ಮೇಳನದಲ್ಲಿ ನಾಯಕತ್ವದ ಕುರಿತು ಭಾಷಣ ಕೇಳಿ ಬಗೆಹರಿಯುವ ತೊಡಕಲ್ಲ. ಪಾಳಿ ಬದಲಿಸಿದ ಇನ್ನೊಂದು ಕಾರ್ಖಾನೆಯವರು ಪಕ್ಕದಲ್ಲೇ ಇದ್ದು, ಮೊದಲ ತಿಂಗಳು ಹಾಜರಿಯನ್ನು ಕೈಯಲ್ಲೂ ಬರೆದಿಡಿ, ಗುತ್ತಿಗೆ ಏಜೆನ್ಸಿಗಳ ಲೆಕ್ಕವನ್ನು ಪ್ರತಿ ವಾರ ತಾಳೆ ನೋಡಿ ಎಂದಿದ್ದರೆ ಗಲಭೆ ತಪ್ಪುತ್ತಿತ್ತು ಎಂದು ಯಾರೂ ಖಚಿತವಾಗಿ ಹೇಳಲಾರರು. ಇಂಥ ಮಾತು ದೊರೆಯುವ ಜಾಗ ಒಂದಿರಬೇಕು ಎಂದಂತೂ ಹೇಳಬಹುದು. ದೊಡ್ಡ ಸಂಸ್ಥೆಗಳು ಪ್ರಮಾಣಪತ್ರ, ಸಮ್ಮೇಳನ, ಸರ್ಕಾರದೊಡನೆ ಮಾತುಕತೆ ಮುಂತಾದ ಕೆಲಸ ಮಾಡಲಿ. ಅವುಗಳ ವೇದಿಕೆಯಲ್ಲಿ ಕೂರುವುದು ಬಹುಮಟ್ಟಿಗೆ ದೊಡ್ಡ ಕಂಪನಿಗಳ ಉಪಾಧ್ಯಕ್ಷರು, ಆಡುವ ಭಾಷೆ ಇಂಗ್ಲಿಷ್. ನೋಟಿಸ್ ಬೋರ್ಡಿಗೆ ಕನ್ನಡದಲ್ಲಿ ಸುತ್ತೋಲೆ ಬರೆದು, ಅದು ಕಾರ್ಮಿಕರಿಗೆ ತಪ್ಪಾಗಿ ಕೇಳಿಸದಿರಲಿ ಎಂದು ಒದ್ದಾಡುವವರ ಕಷ್ಟ ಆ ವೇದಿಕೆಯವರೆಗೆ ಹೋಗುವುದಿಲ್ಲ. ನಿಯಮವೊಂದರ ಬದಲಾವಣೆ ಕಾರ್ಮಿಕರನ್ನು ಕೆರಳಿಸಿದರೆ ಏನಾದೀತು ಎಂಬುದನ್ನು 2016ರ ಏಪ್ರಿಲ್‌ನಲ್ಲಿ ಬೆಂಗಳೂರು ಕಂಡಿದೆ. ಪಿಎಫ್ ಹಿಂಪಡೆಯುವ ನಿಯಮ ಬದಲಾಯಿತೆಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದಿದ್ದರು, ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂತೆಗೆದುಕೊಳ್ಳಬೇಕಾಯಿತು.

ಈಗಿನ ಕಾಲ ಇಂಥ ಗುಂಪುಗಳಿಗೆ ವಿಶೇಷವಾಗಿ ಕೆಲಸ ಕೊಟ್ಟಿದೆ. ಇಪ್ಪತ್ತೊಂಬತ್ತು ಕೇಂದ್ರ ಕಾಯ್ದೆಗಳನ್ನು ನುಂಗಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ಹೆಚ್ಚುವರಿ ಭಾಗವನ್ನೂ ವೇತನವೆಂದೇ ಲೆಕ್ಕ ಹಿಡಿಯಬೇಕು. ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು. ಫುಲ್ ಅಂಡ್ ಫೈನಲ್ ಎಂದು ಒಂದೂವರೆ ತಿಂಗಳು ಕಾಯಿಸುವ ಅಭ್ಯಾಸವಿದ್ದ ಕಚೇರಿಗೆ ಇದು ಸಣ್ಣ ಬದಲಾವಣೆಯಲ್ಲ. ಲ್ಯಾಪ್‌ಟಾಪ್ ವಾಪಸ್ ಬಂದಿಲ್ಲ, ಮುಂಗಡ ತೀರಿಲ್ಲ, ಎರಡು ದಿನದಲ್ಲಿ ಹೇಗೆ? ಇದೇ ಹೊತ್ತಿಗೆ ಕರ್ನಾಟಕ ಸರ್ಕಾರ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ದಿನ ವೇತನಸಹಿತ ಮುಟ್ಟಿನ ರಜೆ ಕೊಡಬೇಕೆಂದು ಆದೇಶಿಸಿತು. ಆ ಆದೇಶ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ರಜೆಯ ರಿಜಿಸ್ಟರಿನಲ್ಲಿ ಅದನ್ನು ಯಾವ ಹೆಸರಿನಲ್ಲಿ ದಾಖಲಿಸುವುದು, ಗಂಡಸು ಸೂಪರ್‌ವೈಸರ್ ಮುಂದೆ ನಿಂತು ಕೇಳುವ ಮುಜುಗರವನ್ನು ತಪ್ಪಿಸುವುದು ಹೇಗೆ, ಲೈನಿನಲ್ಲಿ ಒಂದೇ ದಿನ ಆರು ಜನ ಇಲ್ಲದಿದ್ದರೆ ಉತ್ಪಾದನಾ ಗುರಿಯ ಗತಿಯೇನು? ಕಾನೂನಿನ ಪುಸ್ತಕ ಇದಕ್ಕೆ ಉತ್ತರ ಹೇಳುವುದಿಲ್ಲ. ವಕೀಲರು ಹೇಳಿದರೂ ತಮ್ಮ ಕಕ್ಷಿದಾರರಿಗೆ ಅಪಾಯ ತಟ್ಟದಂತೆ ಹೇಳುತ್ತಾರೆ. ಆಗಲೇ ಮಾಡಿ ನೋಡಿದ ಇನ್ನೊಬ್ಬ ಎಚ್‌ಆರ್ ಮಾತ್ರ ಎಲ್ಲಿ ಎಡವಿದೆ ಎಂದು ಹೇಳಬಲ್ಲರು. ಅದನ್ನು ಹೇಳಿಸುವುದೇ ಗುಂಪಿನ ಕಸುಬು.

ಇದೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಆಗುತ್ತದಲ್ಲ, ಸಂಜೆಯ ಟ್ರಾಫಿಕ್‌ನಲ್ಲಿ ಎರಡು ತಾಸು ಯಾಕೆ ಸಾಯಬೇಕು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಸರ್ಕಾರದ ಅಧಿಸೂಚನೆ ಹಂಚಲು, ಫಾರಂ ಕೇಳಲು ವಾಟ್ಸ್‌ಆ್ಯಪ್ ಸಾಕು. ಆದರೆ ಅಲ್ಲಿ 1,024 ಜನ ಸೇರಬಹುದು, ಆಡಿದ ಪ್ರತಿ ಮಾತಿಗೂ ಸ್ಕ್ರೀನ್‌ಶಾಟ್ ಇದೆ. ತಮ್ಮ ಕಂಪನಿಯ ವಿಚಾರಣಾ ಸಮಿತಿ ಒಂದು ದೂರನ್ನು ಕೆಟ್ಟದಾಗಿ ನಿಭಾಯಿಸಿತು ಎಂದು ಅಲ್ಲಿ ಬರೆಯುವ ಧೈರ್ಯ ಯಾರಿಗಿದೆ? ಲಂಡನ್ನಿನ ಚಾಟಮ್ ಹೌಸ್ 1927ರಲ್ಲಿ ತನ್ನ ಚರ್ಚೆಗಳಿಗೆ ಒಂದು ನಿಯಮ ಮಾಡಿಕೊಂಡಿತು. ಕೇಳಿದ ವಿಷಯವನ್ನು ಹೊರಗೆ ಬಳಸಿಕೊಳ್ಳಿ, ಯಾರು ಹೇಳಿದರು, ಯಾವ ಸಂಸ್ಥೆಯವರು ಎಂದು ಮಾತ್ರ ಹೇಳಬೇಡಿ. ಎಚ್‌ಆರ್ ಗುಂಪಿಗೆ ಹೇಳಿ ಮಾಡಿಸಿದಂತಿದೆ ಇದು. ಆದರೆ ಆ ನಿಯಮಕ್ಕೆ ಬೆಲೆ ಬರುವುದು ಎದುರು ಕುಳಿತವರ ಮುಖ ಪರಿಚಯವಿದ್ದಾಗ. ಆದ್ದರಿಂದ ಸಭೆಗೆ ಇಪ್ಪತ್ತು, ಇಪ್ಪತ್ತೈದು ಜನ ಸಾಕು. ಹೆಚ್ಚಾದರೆ ಇನ್ನೊಂದು ಬಡಾವಣೆಯಲ್ಲಿ ಇನ್ನೊಂದು ಗುಂಪು ಮಾಡುವುದು ಮೇಲು. ವೈಟ್‌ಫೀಲ್ಡಿನವರು ಪೀಣ್ಯಕ್ಕೆ ಬರುವುದು ಹೇಗೂ ಆಗದ ಮಾತು.

ಕೆಲಸದ ಪ್ರಶ್ನೆ ಇನ್ನೂ ಸೂಕ್ಷ್ಮ. ಸಂಪರ್ಕದಿಂದ ಕೆಲಸ ಸಿಗುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಪರಿಚಯದ ಮೂಲಕ ಕೆಲಸ ಹಿಡಿದವರನ್ನು ಆ ಪರಿಚಯಸ್ಥರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದ್ದರು. ಆಗಾಗ ನೋಡುತ್ತಿದ್ದವರು ಶೇ 16.7, ಅಪರೂಪಕ್ಕೆ ನೋಡುತ್ತಿದ್ದವರು ಶೇ 27.8, ನಡುವಿನವರು ಶೇ 55.6. ಆಪ್ತರಿಗೆ ನಮಗೆ ಗೊತ್ತಿರುವುದೇ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದ ಪರಿಚಯಗಳಿಂದ ಎಂಬುದು ಅವರ ವಾದ. ಲಿಂಕ್ಡ್‌ಇನ್‌ನ ಸುಮಾರು ಎರಡು ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನು ಬಹುಮಟ್ಟಿಗೆ ಒಪ್ಪಿ, ಒಂದು ತಿದ್ದುಪಡಿ ಸೇರಿಸಿತು. ತೀರಾ ತೆಳುವಾದ ಪರಿಚಯಕ್ಕಿಂತ ಸ್ವಲ್ಪ ಗಟ್ಟಿಯಿರುವ ಪರಿಚಯವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ತಿಂಗಳಿಗೊಮ್ಮೆ ಸಿಗುವ ಸಹೋದ್ಯೋಗಿ ಸರಿಯಾಗಿ ಈ ನಡುವಿನ ಜಾಗದಲ್ಲಿದ್ದಾರೆ. ಹಾಗಿದ್ದರೆ ಗುಂಪು ಕೆಲಸ ಕೊಡಿಸುವುದನ್ನೇ ಗುರಿಯಾಗಿ ಇಟ್ಟುಕೊಳ್ಳಬಾರದೇಕೆ? ಇಟ್ಟುಕೊಂಡ ಕ್ಷಣದಿಂದ ಬರುವವರು ಬದಲಾಗುತ್ತಾರೆ ಎಂಬುದೇ ಕಾರಣ. ಕೆಲಸ ಬೇಕಾದವರು ತುಂಬಿಕೊಳ್ಳುತ್ತಾರೆ, ಕೆಲಸದಲ್ಲಿ ನೆಲೆ ನಿಂತವರು ಮೆಲ್ಲಗೆ ಜಾರಿಕೊಳ್ಳುತ್ತಾರೆ, ಎರಡನೆಯವರಿಲ್ಲದೆ ಮೊದಲನೆಯವರಿಗೂ ಲಾಭವಿಲ್ಲ. ಕೆಲಸ ಇಲ್ಲಿ ಉಪಫಲವಾಗಿ ಸಿಗುವಂಥದ್ದು. ಸಭೆಯ ಕೊನೆಯ ಹತ್ತು ನಿಮಿಷ ಖಾಲಿ ಹುದ್ದೆಗಳಿಗೆ ಮೀಸಲಿಟ್ಟರೆ ಸಾಕು. ಅಭ್ಯರ್ಥಿಗಳ ರೆಸ್ಯೂಮೆಯನ್ನು ಅವರನ್ನು ಕೇಳದೆ ಗುಂಪಿಗೆ ಎಸೆಯುವ ಚಾಳಿಯನ್ನಂತೂ ಮೊದಲ ದಿನವೇ ನಿಲ್ಲಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಕೇಂದ್ರದಲ್ಲಿಟ್ಟಿದೆ. ಅದನ್ನು ಕಂಪನಿಯಲ್ಲಿ ಪಾಲಿಸಬೇಕಾದವರೇ ಹೊರಗೆ ಮುರಿದರೆ ಏನು ಚೆಂದ?

ದುಡ್ಡಿನ ವಿಷಯಕ್ಕೆ ಬಂದರೆ, ಪೇರೋಲ್ ಸಾಫ್ಟ್‌ವೇರ್ ಮಾರುವವರು, ಆರೋಗ್ಯ ವಿಮೆಯವರು, ಸಿಬ್ಬಂದಿ ಪೂರೈಸುವ ಏಜೆನ್ಸಿಗಳು ಇಂಥ ಗುಂಪನ್ನು ವಾಸನೆ ಹಿಡಿದು ಬರುತ್ತಾರೆ. ಹಾಲ್ ಬಾಡಿಗೆ ನಮ್ಮದು, ಊಟ ನಮ್ಮದು, ಹದಿನೈದು ನಿಮಿಷ ಮಾತಾಡಲು ಕೊಡಿ ಸಾಕು ಎನ್ನುತ್ತಾರೆ. ಬೇಡವೆನ್ನುವುದು ಕಷ್ಟ. ಆದರೆ ಯಾವ ಸಾಫ್ಟ್‌ವೇರ್ ಪಿಎಫ್ ಲೆಕ್ಕದಲ್ಲಿ ಎಡವುತ್ತದೆ ಎಂದು ಸದಸ್ಯರು ಬಿಚ್ಚಿ ಹೇಳಬೇಕಾದ ಜಾಗದಲ್ಲಿ ಅದೇ ಕಂಪನಿಯ ಬಿರಿಯಾನಿ ತಿಂದು ಕೂತರೆ ಮಾತು ಹೊರಡುವುದಿಲ್ಲ. ಯಾವುದಾದರೂ ಸದಸ್ಯರ ಕಾರ್ಖಾನೆಯ ತರಬೇತಿ ಕೊಠಡಿ, ಚಹಾ, ಬೋಂಡಾ, ತಲೆಗಿಷ್ಟೆಂದು ಯುಪಿಐ ಮೂಲಕ ಹಂಚಿಕೊಂಡ ಖರ್ಚು ಇದ್ದರೆ ವರ್ಷಗಟ್ಟಲೆ ನಡೆಯುತ್ತದೆ. ಗುಂಪಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ಬೇಕಾಗುವಷ್ಟು ದುಡ್ಡು ಓಡಾಡಲು ಶುರುವಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960 ಇದೆ. ಅದರಡಿ ಏಳು ಜನ ಸೇರಿ ನೋಂದಾಯಿಸಬಹುದು. ಅಲ್ಲಿಂದ ಮುಂದೆ ವಾರ್ಷಿಕ ಸಭೆ, ಲೆಕ್ಕಪತ್ರ, ಚುನಾವಣೆ. ಚುನಾವಣೆ ಬಂದಲ್ಲಿ ಬಣಗಳೂ ಬರುತ್ತವೆ ಎಂಬುದು ಕನ್ನಡ ಸಂಘಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ಪುಕ್ಕಟೆ ಕೆಲಸ ಬಾಳುವುದಿಲ್ಲ, ಸಂಬಳ ಕೊಟ್ಟು ಒಬ್ಬ ಕಾರ್ಯದರ್ಶಿಯನ್ನು ಇಡಿ ಎನ್ನುವವರಿದ್ದಾರೆ. ಇಂದು ಎಸ್‌ಎಚ್‌ಆರ್‌ಎಂ ಎಂದು ಜಗತ್ತಿಗೆಲ್ಲ ಪರಿಚಿತವಾದ ಅಮೆರಿಕದ ಸಂಸ್ಥೆ 1948ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿ, 1964ರಲ್ಲಿ ಕೇಂದ್ರ ಕಚೇರಿ ತೆರೆದು ಸಿಬ್ಬಂದಿ ಇಟ್ಟುಕೊಳ್ಳುವವರೆಗೆ ನಡೆದದ್ದು ಸ್ವಯಂಸೇವಕರ ಕೈಯಲ್ಲೇ. ಹದಿನಾರು ವರ್ಷ ಕಡಿಮೆಯೇನಲ್ಲ. ಸಂಬಳದ ಕಾರ್ಯದರ್ಶಿ ಬಂದರೆ ಅವರ ಸಂಬಳಕ್ಕಾಗಿ ಸದಸ್ಯತ್ವ ಬೆಳೆಯಬೇಕು, ಪ್ರಾಯೋಜಕರು ಬೇಕು. ಸಣ್ಣ ಗುಂಪಿನ ಗುಣವೇ ಹೋಗುತ್ತದೆ. ಸ್ವಯಂಸೇವೆ ಕುಸಿಯುವುದು ಸಾಮಾನ್ಯವಾಗಿ ಸಂಬಳವಿಲ್ಲದ್ದರಿಂದಲ್ಲ, ಎಲ್ಲವನ್ನೂ ಒಬ್ಬರೇ ಹೊತ್ತಿರುವುದರಿಂದ. ಮೊದಲ ಎರಡು ವರ್ಷ ಉತ್ಸಾಹದಿಂದ ಹಾಲ್ ಹುಡುಕಿ, ಭಾಷಣಕಾರರನ್ನು ಕಾಡಿ, ಚಹಾದ ದುಡ್ಡು ವಸೂಲಿ ಮಾಡಿದ ಮನುಷ್ಯನಿಗೆ ಮೂರನೇ ವರ್ಷ ವರ್ಗವಾದರೆ ಗುಂಪು ಅಲ್ಲಿಗೇ ನಿಲ್ಲುತ್ತದೆ. ಸಂಚಾಲಕರ ಅವಧಿ ಒಂದು ವರ್ಷ, ಮುಂದಿನ ವರ್ಷದವರು ಈಗಿನಿಂದಲೇ ಜೊತೆಗೆ ಎಂಬ ಸರಳ ಏರ್ಪಾಡು ಇದಕ್ಕೆ ಸಾಕು. ತಮ್ಮ ಕಂಪನಿಗಳಲ್ಲಿ ಉತ್ತರಾಧಿಕಾರಿ ಯೋಜನೆ ಕುರಿತು ಸ್ಲೈಡ್ ತೋರಿಸುವವರೇ ತಮ್ಮ ಗುಂಪಿನಲ್ಲಿ ಇದನ್ನು ಮರೆಯುವುದು ತಮಾಷೆ.

ಎಲ್ಲಕ್ಕಿಂತ ಭಾರವಾದ ಆಕ್ಷೇಪಣೆ ಕಾರ್ಮಿಕರ ಕಡೆಯಿಂದ ಬರುತ್ತದೆ. ಸ್ಪರ್ಧಿ ಕಂಪನಿಗಳ ಎಚ್‌ಆರ್‌ಗಳು ಬಾಗಿಲು ಹಾಕಿಕೊಂಡು ಕೂತು ಮಾತಾಡಿದರೆ ಅದು ನಮ್ಮ ಸಂಬಳವನ್ನು ತುಳಿಯುವ ಪಿತೂರಿಯಲ್ಲವೆಂದು ನಂಬುವುದು ಹೇಗೆ? ಈ ಅನುಮಾನ ಕಟ್ಟುಕಥೆಯಲ್ಲ. ಅಮೆರಿಕದ ನ್ಯಾಯಾಂಗ ಇಲಾಖೆ 1994ರಲ್ಲಿ ಯೂಟಾ ರಾಜ್ಯದ ಆಸ್ಪತ್ರೆಗಳ ಎಚ್‌ಆರ್ ಅಧಿಕಾರಿಗಳ ಸಂಘದ ಮೇಲೆಯೇ ಮೊಕದ್ದಮೆ ಹೂಡಿತು. ಸಾಲ್ಟ್ ಲೇಕ್ ಪ್ರದೇಶದ ಆಸ್ಪತ್ರೆಗಳು ದಾದಿಯರಿಗೆ ಈಗ ಎಷ್ಟು ಕೊಡುತ್ತಿವೆ, ಮುಂದೆ ಎಷ್ಟು ಕೊಡಲಿವೆ ಎಂಬುದನ್ನು ಪರಸ್ಪರ ಹಂಚಿಕೊಂಡು ಅವರ ಸಂಬಳ ಏರದಂತೆ ತಡೆದಿದ್ದವು ಎಂಬುದು ಆರೋಪ. ಪ್ರಕರಣ ಒಪ್ಪಂದದ ತೀರ್ಪಿನಲ್ಲಿ ಮುಗಿಯಿತು. ನಮ್ಮಲ್ಲೂ 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಂ ಸ್ಪರ್ಧೆಗೆ ಧಕ್ಕೆ ತರುವ ಒಪ್ಪಂದಗಳನ್ನು ಒಪ್ಪುವುದಿಲ್ಲ. ನಿಮ್ಮವರನ್ನು ನಾವು ಸೆಳೆಯುವುದಿಲ್ಲ, ನಮ್ಮವರನ್ನು ನೀವು ಸೆಳೆಯಬೇಡಿ ಎಂದು ಚಹಾ ಕುಡಿಯುತ್ತ ಮಾಡಿಕೊಳ್ಳುವ ಮಾತೂ ಅಂಥದ್ದೇ ಅಪಾಯ. ಆದ್ದರಿಂದ ಈ ವರ್ಷ ಎಷ್ಟು ಹೆಚ್ಚಳ ಕೊಡುತ್ತಿದ್ದೀರಿ ಎಂಬ ಪ್ರಶ್ನೆಗೆ ಗುಂಪಿನಲ್ಲಿ ಜಾಗವಿರಬಾರದು, ಅದು ಎಷ್ಟೇ ಉಪಯುಕ್ತವಾಗಿ ಕಂಡರೂ.

ಸಂಬಳಕ್ಕಿಂತ ಹೆಸರುಗಳ ವಿಷಯದಲ್ಲಿ ಇನ್ನಷ್ಟು ಬಿಗಿ ಬೇಕು. ನಿಮ್ಮಲ್ಲಿದ್ದ ಇಂಥವರು ನಮ್ಮಲ್ಲಿ ಸಂದರ್ಶನಕ್ಕೆ ಬಂದಿದ್ದಾರೆ, ಹೇಗೆ ಜನ ಎಂಬ ಪಿಸುಮಾತು ಮುಗ್ಧವಾಗಿಯೇ ಶುರುವಾಗುತ್ತದೆ. ಬ್ರಿಟನ್ನಿನ ಕಟ್ಟಡ ಉದ್ಯಮದಲ್ಲಿ ಅದು ಎಲ್ಲಿಗೆ ಮುಟ್ಟಿತೆಂದರೆ, 2009ರಲ್ಲಿ ಮಾಹಿತಿ ಆಯುಕ್ತರ ಕಚೇರಿ ಕನ್ಸಲ್ಟಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯ ಮೇಲೆ ದಾಳಿ ನಡೆಸಿದಾಗ 3,213 ಜನರ ಕಡತಗಳು ಸಿಕ್ಕವು. ಯೂನಿಯನ್ನಿನಲ್ಲಿದ್ದರು, ಸುರಕ್ಷತೆಯ ಬಗ್ಗೆ ದೂರು ಕೊಟ್ಟಿದ್ದರು ಎಂಬುದೇ ಹಲವರ ಅಪರಾಧ. ನಲವತ್ತಕ್ಕೂ ಹೆಚ್ಚು ದೊಡ್ಡ ಕಂಪನಿಗಳು ಆ ಪಟ್ಟಿಯನ್ನು ಬಳಸುತ್ತಿದ್ದವು, ವರ್ಷಗಟ್ಟಲೆ ಕೆಲಸ ಸಿಗದೆ ಅಲೆದವರಿಗೆ ಕಾರಣವೇ ಗೊತ್ತಿರಲಿಲ್ಲ. ಇಂಥ ಇತಿಹಾಸವಿರುವಾಗ ನಮ್ಮನ್ನು ನಂಬಿ ಎಂದು ಬಾಯಲ್ಲಿ ಹೇಳಿದರೆ ಸಾಲದು. ಯಾವ ನೌಕರನ ಹೆಸರನ್ನೂ ಸಭೆಯಲ್ಲಿ ಎತ್ತುವಂತಿಲ್ಲ ಎಂಬ ನಿಯಮವನ್ನು ಬರೆದಿಟ್ಟು, ಮುರಿದವರನ್ನು ಅವರು ಎಷ್ಟು ದೊಡ್ಡ ಕಂಪನಿಯವರೇ ಆಗಿರಲಿ ಹೊರಗೆ ಕಳಿಸಬೇಕು. ಕಾರ್ಯಸೂಚಿಯನ್ನು ಯಾರು ಕೇಳಿದರೂ ತೋರಿಸಬೇಕು. ವರ್ಷಕ್ಕೊಂದು ಸಭೆಗೆ ಯೂನಿಯನ್ ಮುಖಂಡರೊಬ್ಬರನ್ನು ಕರೆದು, ಎಚ್‌ಆರ್ ಬಗ್ಗೆ ಶಾಪ್ ಫ್ಲೋರಿನಲ್ಲಿ ಏನು ಮಾತಾಡಿಕೊಳ್ಳುತ್ತಾರೆ ಎಂದು ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು. ಆ ಸಂಜೆ ಹಾಜರಿ ಕಡಿಮೆಯಿದ್ದೀತು. ಬಂದವರು ಮಾತ್ರ ಬೇಗ ಏಳುವುದಿಲ್ಲ.