ಪ್ರೊಪೆಲರ್‌ಗೂ ನೆಲಕ್ಕೂ ಒಂದು ಗೇಣು

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆ ಜಾಗದಲ್ಲಿ ಎಚ್‌ಎಎಲ್ ಕಟ್ಟಿದ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಗೆ ವಿಮಾನೋದ್ಯಮ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು. ಈ ಸಂಭ್ರಮದಲ್ಲಿ, ಅದೇ ಸಂಸ್ಥೆ ಬೆಂಗಳೂರಿನಲ್ಲಿ ಕಟ್ಟಿದ ಸಣ್ಣ ಪ್ರೊಪೆಲರ್ ವಿಮಾನಗಳನ್ನು ನೆನೆಯಬೇಕು. ಅವುಗಳನ್ನು ಉಳಿಸಿಕೊಳ್ಳುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದನ್ನೂ ಅರಿಯಬೇಕು.

ನಮ್ಮ ನೆಲದ ವಿಮಾನಗಳು

ಮೈಸೂರು ಸಂಸ್ಥಾನದ ಬೆಂಬಲದೊಂದಿಗೆ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದರು. ಮುಂದೆ ಎಚ್‌ಎಎಲ್ ಆದದ್ದು ಇದೇ ಕಂಪನಿ. ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಇಲ್ಲೇ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಹಾರಿತು. ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಆಸನ, ಪೂರ್ತಿ ಲೋಹದ ಮೈ. ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರಲು ಕಲಿತದ್ದು ಇದರಲ್ಲೇ.

1958ರ ಸೆಪ್ಟೆಂಬರ್‌ನಲ್ಲಿ ಪುಷ್ಪಕ್ ಬಂತು. ಅಕ್ಕಪಕ್ಕದ ಎರಡು ಆಸನ, ತಲೆಯ ಮೇಲೆ ರೆಕ್ಕೆ, 90 ಅಶ್ವಶಕ್ತಿಯ ಇಂಜಿನ್. ಉಕ್ಕಿನ ಕೊಳವೆಗಳನ್ನು ಬೆಸುಗೆ ಹಾಕಿ ಚೌಕಟ್ಟು ಮಾಡಿ, ಮೇಲೆ ಬಟ್ಟೆ ಹೊದಿಸಿದ ವಿಮಾನವಿದು. ಸುಮಾರು 150 ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳನ್ನು ಸೇರಿದವು. 1959ರಲ್ಲಿ, ಮುಂದೆ ಸೇನೆಯ ವೀಕ್ಷಣೆಗೆ ಬಳಕೆಯಾದ ಕೃಷಕ್, 1972ರಲ್ಲಿ ಬೆಳೆಗಳಿಗೆ ಔಷಧಿ ಸಿಂಪಡಿಸಲು ಬಸಂತ್ ಹಾರಿದವು.

ಬಾಲ ಎತ್ತಿದಾಗ

ಎಚ್‌ಟಿ-2, ಪುಷ್ಪಕ್ ಎರಡಕ್ಕೂ ಮುಂದೆ ಎರಡು ದೊಡ್ಡ ಚಕ್ರ, ಬಾಲದ ತುದಿಯಲ್ಲಿ ಒಂದು ಪುಟ್ಟ ಚಕ್ರ. ನಿಂತಾಗ ಮೂತಿ ಆಕಾಶ ನೋಡುತ್ತಿರುತ್ತದೆ. ಪ್ರೊಪೆಲರ್ ನೆಲದಿಂದ ಸಾಕಷ್ಟು ಮೇಲಿರುತ್ತದೆ. ಆದರೆ ಟೇಕಾಫ್‌ಗೆ ಓಡುವಾಗ ಬಾಲ ಮೊದಲು ಮೇಲೇಳುತ್ತದೆ, ಮೂತಿ ಬಾಗುತ್ತದೆ, ಪ್ರೊಪೆಲರ್ ತುದಿ ನೆಲದ ಸಮೀಪ ಬರುತ್ತದೆ. ಇಂಜಿನ್ ಪೂರ್ತಿ ಶಕ್ತಿಯಲ್ಲಿ ತಿರುಗುತ್ತಿರುವುದೂ ಆ ಹೊತ್ತಿನಲ್ಲೇ.

ಅದಕ್ಕೇ ಸಣ್ಣ ವಿಮಾನಗಳ ವಿನ್ಯಾಸಕ್ಕೆ ಅಮೆರಿಕದ ನಿಯಮಾವಳಿ ದಶಕಗಳ ಕಾಲ ಒಂದು ಅಳತೆ ಹಾಕಿಕೊಟ್ಟಿತ್ತು. ಮೂತಿಯ ಕೆಳಗೆ ಚಕ್ರವಿರುವ ವಿಮಾನದಲ್ಲಿ ಪ್ರೊಪೆಲರ್ ತುದಿಗೂ ನೆಲಕ್ಕೂ ಕನಿಷ್ಠ 7 ಇಂಚು ಅಂತರವಿರಬೇಕು. ಬಾಲದ ಚಕ್ರದ ವಿಮಾನದಲ್ಲಿ 9 ಇಂಚು, ಅಂದರೆ ಸರಿಯಾಗಿ ಒಂದು ಗೇಣು. ಟೈರಿನ ಗಾಳಿ ಪೂರ್ತಿ ಹೋಗಿ ಚಕ್ರದ ಸ್ಪ್ರಿಂಗ್ ಅದುಮಿಕೊಂಡಾಗಲೂ ತುದಿ ನೆಲಕ್ಕೆ ತಾಗಕೂಡದು.

ಗೇಣಿಗೆ ಇಷ್ಟು ಬೆಲೆ ಯಾಕೆ? ಆರು ಅಡಿ ಉದ್ದದ ಪ್ರೊಪೆಲರ್ ನಿಮಿಷಕ್ಕೆ 2,300 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 790 ಕಿಲೋಮೀಟರ್. ಆ ವೇಗದಲ್ಲಿ ನೆಲ ತಾಗಿದರೆ ಪ್ರೊಪೆಲರ್ ಅಲಗು ಬಾಗುವುದಷ್ಟೇ ಅಲ್ಲ, ಹೊಡೆತ ಕ್ರ್ಯಾಂಕ್‌ಶಾಫ್ಟ್‌ಗೆ ಬೀಳುತ್ತದೆ. ಹೊರಗೆ ಏನೂ ಕಾಣದಿದ್ದರೂ ಒಳಗೆ ಬಿರುಕು ಬಿಟ್ಟಿರಬಹುದು. ಹಾಗಾಗಿ ಇಂಜಿನ್ ಬಿಚ್ಚಿ ಪರೀಕ್ಷಿಸದೆ ಮತ್ತೆ ಹಾರಿಸುವಂತಿಲ್ಲ.

ನೆಲ ತಾಗದಿದ್ದರೂ ಅಪಾಯ ತಪ್ಪಿದ್ದಲ್ಲ. ಅಂತರ ಕಡಿಮೆಯಾದಷ್ಟೂ ಪ್ರೊಪೆಲರ್ ಎಬ್ಬಿಸುವ ಸುಳಿ ಜಲ್ಲಿ, ಗರಸನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಕಲ್ಲು ಬಡಿದು ಲೋಹದ ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದರೆ ಅಲ್ಲಿಂದಲೇ ಬಿರುಕು ಬೆಳೆಯುತ್ತದೆ. ಹಾರಾಟದಲ್ಲಿ ತುದಿ ಮುರಿದರೆ ಸಮತೋಲ ತಪ್ಪಿ ಇಂಜಿನ್ನೇ ಕಿತ್ತುಬರುವಷ್ಟು ಅದುರುತ್ತದೆ. ಅನುಭವಿ ಮೆಕ್ಯಾನಿಕ್ ಪ್ರತಿ ಸಲವೂ ಅಂಚನ್ನು ಬೆರಳಿನಿಂದ ಸವರಿ ನೋಡುವುದು, ಕಚ್ಚು ಸಿಕ್ಕರೆ ಅನುಮತಿಸಿದ ಮಿತಿಯೊಳಗೆ ಅರದಿಂದ ಉಜ್ಜಿ ನುಣುಪು ಮಾಡುವುದು ಇದಕ್ಕೇ.

ಅಳೆಯುವ ಬಗೆ

ಹಳೆಯ ವಿಮಾನವನ್ನು ಮತ್ತೆ ಹಾರಿಸಲು ಹೊರಟವರು ಈ ಗೇಣನ್ನು ಕಣ್ಣಂದಾಜಿನಲ್ಲಿ ಬಿಡುವುದಿಲ್ಲ. ಮೊದಲು ಟೈರಿಗೆ ಹೇಳಿದಷ್ಟೇ ಗಾಳಿ, ವಿಮಾನಕ್ಕೆ ಹೇಳಿದಷ್ಟೇ ತೂಕ. ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಬಾಲವನ್ನು ಸ್ಟ್ಯಾಂಡಿನ ಮೇಲೆತ್ತಿ, ರಸಮಟ್ಟ ಇಟ್ಟು ಮೈಯನ್ನು ಮಟ್ಟಕ್ಕೆ ತರುತ್ತಾರೆ. ಆಮೇಲೆ ಪ್ರೊಪೆಲರನ್ನು ನೇರ ಕೆಳಕ್ಕೆ ತಿರುಗಿಸಿ ತುದಿಯಿಂದ ನೆಲಕ್ಕೆ ಅಳತೆ ಹಿಡಿಯುತ್ತಾರೆ. ಕೈಯಲ್ಲಿ ತಿರುಗಿಸುವಾಗಲೂ ಎಚ್ಚರ ಬೇಕು. ಈ ಇಂಜಿನ್‌ಗಳ ಮ್ಯಾಗ್ನೆಟೊಗೆ ಬ್ಯಾಟರಿಯ ಹಂಗಿಲ್ಲ. ಕಿಡಿಯನ್ನು ತಾನೇ ಹುಟ್ಟಿಸುತ್ತದೆ. ಸ್ವಿಚ್ ಆಫ್ ಎಂದು ತೋರಿಸುತ್ತಿದ್ದರೂ ಒಳಗಿನ ತಂತಿ ತುಂಡಾಗಿದ್ದರೆ ಇಂಜಿನ್ ಗಕ್ಕನೆ ಚಾಲೂ ಆಗಬಹುದು.

ಅಂತರ ಕಡಿಮೆ ಬಂದರೆ ಕಾರಣ ಹುಡುಕಬೇಕು. ಚಕ್ರದ ಸ್ಪ್ರಿಂಗ್ ಸೋತಿರಬಹುದು. ಪೈಪರ್ ಕಬ್‌ನಂಥ ವಿಮಾನದಲ್ಲಾದರೆ ಚಕ್ರದ ಭಾರ ತಡೆಯುವ ರಬ್ಬರ್ ಹಗ್ಗ ಹಳತಾಗಿ ಹಿಗ್ಗಿರಬಹುದು. ಯಾರೋ ಹಿಂದೆ ಚಿಕ್ಕ ಟೈರ್ ಹಾಕಿರಬಹುದು, ಉದ್ದದ ಪ್ರೊಪೆಲರ್ ಕೂರಿಸಿರಬಹುದು. ಹೆಚ್ಚು ಎಳೆತ ಸಿಗಲೆಂದು ಮಾಡಿದ ಬದಲಾವಣೆ ಗೇಣಿಗೆ ಕುತ್ತು ತರುತ್ತದೆ. ಪ್ರೊಪೆಲರ್ ಎಷ್ಟು ಉದ್ದವಿರಬಹುದು ಎಂಬುದು ಆ ಮಾದರಿಯ ದಾಖಲೆಯಲ್ಲೇ ಇರುತ್ತದೆ. ಅನುಮೋದನೆ ಇಲ್ಲದೆ ಅದನ್ನು ಮೀರುವ ಹಕ್ಕು ಯಾರಿಗೂ ಇಲ್ಲ.

ಇದು ಒಂದು ಅಳತೆ ಮಾತ್ರ. ಹೊದಿಕೆಯ ಬಟ್ಟೆ ಬಿಚ್ಚಿದರೆ ಉಕ್ಕಿನ ಕೊಳವೆಗಳು ಕಾಣುತ್ತವೆ. ಬಾಲದ ಹತ್ತಿರ ನೀರು ನಿಂತು ಒಳಗಿಂದಲೇ ತುಕ್ಕು ಹಿಡಿದಿರುತ್ತದೆ. ಮರದ ದೂಲವಿರುವ ರೆಕ್ಕೆಯಲ್ಲಿ ಬೋಲ್ಟಿನ ಸುತ್ತ ಸೀಳು ಬಿಟ್ಟಿದೆಯೇ, ಅಂಟು ಬಿಟ್ಟಿದೆಯೇ ನೋಡಬೇಕು. ಹೊಸ ಬಟ್ಟೆಯನ್ನು ದಾರದಿಂದ ಪಕ್ಕೆಲುಬುಗಳಿಗೆ ಹೊಲಿದು, ಡೋಪ್ ಎಂಬ ದ್ರಾವಣವನ್ನು ಪದರ ಪದರವಾಗಿ ಬಳಿದು ಬಿಗಿಗೊಳಿಸಬೇಕು. ಅಟ್ಟದ ಮೇಲಿನ ಕಾಯಿ ಉಂಡೆ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಕಾಯುವ ಸೀಮೆಯವರಿಗೆ ಈ ತಾಳ್ಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗುಜರಿಯಿಂದ ಆಕಾಶಕ್ಕೆ

ಇಂಥ ಕೆಲಸ ಕನ್ನಡ ನಾಡಿಗೆ ಹೊಸದಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಬಿ-24 ಲಿಬರೇಟರ್ ಎಂಬ ಭಾರಿ ಬಾಂಬರ್‌ಗಳನ್ನು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ಅವನ್ನು ಹಾರುವ ಮಟ್ಟಕ್ಕಷ್ಟೇ ರಿಪೇರಿ ಮಾಡಿ, ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಷಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿನ ಕೆಲಸಗಾರರು ನಲವತ್ತಕ್ಕೂ ಹೆಚ್ಚು ಲಿಬರೇಟರ್‌ಗಳನ್ನು ಮತ್ತೆ ಸಿದ್ಧಗೊಳಿಸಿದರು. 1948ರ ನವೆಂಬರ್‌ನಿಂದ ವಾಯುಪಡೆ ಸೇರಿದ ಅವು 1968ರವರೆಗೆ ದುಡಿದವು. ಇಂದು ಬ್ರಿಟನ್, ಕೆನಡಾ, ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿರುವ ಕೆಲವು ಲಿಬರೇಟರ್‌ಗಳು ಭಾರತೀಯ ವಾಯುಪಡೆಯಿಂದಲೇ ಹೋದವು.

ಹಾಗಿದ್ದರೂ ವಾಯುಪಡೆ ತನ್ನ ಟೈಗರ್ ಮಾತ್ ವಿಮಾನವನ್ನು ಮತ್ತೆ ಹಾರಿಸಬೇಕೆಂದಾಗ ಅದನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಬೇಕಾಯಿತು. 2012ರ ವಾಯುಪಡೆ ದಿನದಂದು ಅದು ಹಾರಿದ್ದು ಹೆಮ್ಮೆಯ ವಿಷಯವೇ. ಆದರೆ ಆ ಕೈಕಸುಬು ನಮ್ಮಲ್ಲೇ ಉಳಿಯಬೇಕಿತ್ತು.

ಅದನ್ನು ಮತ್ತೆ ಬೆಳೆಸಲು ಬಿದರೆಹಳ್ಳ ಕಾವಲ್‌ಗಿಂತ ಒಳ್ಳೆಯ ಜಾಗ ಸಿಗದು. ಎಚ್‌ಎಎಲ್ ಅಲ್ಲಿಗೆ ಒಂದು ಹಳೆಯ ಪುಷ್ಪಕ್ ಇಲ್ಲವೇ ಎಚ್‌ಟಿ-2 ತಂದಿಡಲಿ. ತಿಪಟೂರಿನ ಕಲ್ಪತರು ತಾಂತ್ರಿಕ ವಿದ್ಯಾಲಯದ ಮತ್ತು ಸುತ್ತಲಿನ ಐಟಿಐಗಳ ವಿದ್ಯಾರ್ಥಿಗಳು ಹಿರಿಯ ತಂತ್ರಜ್ಞರ ಕೈಕೆಳಗೆ ಅದನ್ನು ಬಿಚ್ಚಿ, ಅಳೆದು, ಜೋಡಿಸಲಿ. ಕೆಲಸ ಬಲ್ಲ ಹಿರಿಯರಿಗೆ ವಯಸ್ಸಾಗುತ್ತಿದೆ. ಅವರ ಕೈಯಿಂದ ಕಲಿಯಬೇಕಾದ್ದನ್ನು ಈಗಲೇ ಕಲಿಯಬೇಕು.